ಸೋದರಮಾವನಿಗಾಗಿ ಬೆಳೆದ ಕೂದಲು

ಏಳನೆಯ ವರ್ಷದವರೆಗೆ ನನ್ನ ತಲೆಯಲ್ಲಿ ಎರಡು ಜಡೆಗಳಿದ್ದವು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಇರಲಿಲ್ಲ. ಹೀಗಾಗಿ ಹಣಿಗೆ, ಹರಳೆಣ್ಣೆಯ ಬಟ್ಟಲು, ಕಪ್ಪು ದಾರದ ಉಂಡೆ, ಸೀರು ತೆಗೆಯುವ ಸಣ್ಣ ಹಲ್ಲಿನ ಹಣಿಗೆ ಇವೆಲ್ಲ ಅವ್ವನವು ಮತ್ತು ನನ್ನವು. ಯಲಬುರ್ಗಿಯ ನಮ್ಮ ಮನೆ ಉದ್ದಕ್ಕೆ ಹೋಗುವ ಮನೆ. ಬೀದಿಗೆ ಹತ್ತಿದ ಕೋಣೆಯಲ್ಲಿ ಅಪ್ಪನ ಕಿರಾಣಿ ಅಂಗಡಿ, ಅದರ ಹಿಂದೆ ಪಡಸಾಲೆ, ಆಮೇಲೆ ನಡುಮನೆ, ಕೊನೆಗೆ ಕಿಟಕಿಯಿಲ್ಲದ ಅಡುಗೆಮನೆ. ಅಡುಗೆಮನೆಯಲ್ಲಿ ಹಗಲೂ ಕತ್ತಲೆ. ಬೆಳಕು ಬೇಕಾದರೆ ಹಿತ್ತಲ ಬಾಗಿಲ ಬಳಿಗೆ ಬರಬೇಕು. ಬೆಳಗಿನ ರೊಟ್ಟಿ ಬಡಿದು ಮುಗಿದ ಮೇಲೆ ಅವ್ವ ಅಲ್ಲಿ ಗೋಡೆಗೆ ಒರಗಿ ಕುಳಿತು ನನ್ನನ್ನು ಎರಡು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಳ್ಳುತ್ತಿದ್ದಳು. ಸಿಕ್ಕು ಬಿಡಿಸುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಅತ್ತರೆ ಹಣಿಗೆಯ ಬೆನ್ನಿನಿಂದ ತಲೆಯ ಮೇಲೆ ಒಂದು ಪೆಟ್ಟು. ಬೇಸಿಗೆಯಲ್ಲಿ ಕುತ್ತಿಗೆಯ ಹಿಂದೆ ಬೆವರುಸಾಲೆ ಎದ್ದು ತುರಿಸುತ್ತಿತ್ತು. ವಾರಕ್ಕೊಮ್ಮೆ ಎರೆದುಕೊಂಡರೆ ಕೂದಲು ಒಣಗುವುದಕ್ಕೇ ಮಧ್ಯಾಹ್ನವಾಗುತ್ತಿತ್ತು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿಗೆ ನನ್ನ ಪಕ್ಕದಲ್ಲಿ ಮಲಗುವುದೇ ಬೇಡವಾಗಿತ್ತು, ಹೇನು ಹತ್ತುತ್ತವೆ ಎಂದು.

ಕೂದಲು ತೆಗೆಸದಿದ್ದುದಕ್ಕೆ ಕಾರಣವಿತ್ತು. ಮಗುವಿನ ಹುಟ್ಟುಗೂದಲು ತೆಗೆಯುವುದಕ್ಕೆ ನಮ್ಮಲ್ಲಿ ಜವಳ ಎನ್ನುತ್ತಾರೆ. ಅದನ್ನು ಬೆಸ ವರ್ಷದಲ್ಲಿ ಮಾಡಬೇಕು. ಮೂರು ತಪ್ಪಿದರೆ ಐದು, ಐದು ತಪ್ಪಿದರೆ ಏಳು. ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಮೊದಲ ಕೂದಲು ಅವನ ಕೈಯಿಂದಲೇ ಬೀಳಬೇಕು. ಆಮೇಲೆ ಕ್ಷೌರದವನು ಉಳಿದದ್ದನ್ನು ತೆಗೆಯುತ್ತಾನೆ. ಮಾವ ಹೊಸ ಬಟ್ಟೆ ತೊಡಿಸಿ, ಸೊಂಟಕ್ಕೆ ಬೆಳ್ಳಿಯ ಉಡದಾರ ಕಟ್ಟಿ, ಉಂಡು ಹೋಗುತ್ತಾನೆ. ಅವ್ವನಿಗೆ ಒಬ್ಬನೇ ತಮ್ಮ, ಸಂಗಪ್ಪ. ಊರು ಮಂಗಳೂರು. ಇದು ಸಮುದ್ರದ ದಂಡೆಯ ಮಂಗಳೂರಲ್ಲ, ನಮ್ಮ ಯಲಬುರ್ಗಿ ಕಡೆಯ ಹಳ್ಳಿ. ಬೆಳಿಗ್ಗೆ ಬಂಡಿ ಕಟ್ಟಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದಾದಷ್ಟು ಹತ್ತಿರ. ನಾನು ಎರಡು ವರ್ಷದವನಿದ್ದಾಗ ಆ ಮಾವನ ಮದುವೆಯಾಯಿತು. ಬೀಗರಿಗೆಲ್ಲ ರುಮಾಲು ಸುತ್ತಿ ಮರ್ಯಾದೆ ಮಾಡುವಾಗ ಉಳಿದ ಅಳಿಯಂದಿರಿಗೆ ಜರಿಯ ರುಮಾಲು ಬಂತು, ಅಪ್ಪನಿಗೆ ಬರಿಯ ಬಿಳಿ ರುಮಾಲು ಬಂತು. ಗಂಟು ಬಿಚ್ಚಿದವರ ಕೈತಪ್ಪು ಎಂದು ಅವ್ವ ಹೇಳುತ್ತಿದ್ದಳು. ಬೇಕೆಂದೇ ಮಾಡಿದ್ದು ಎಂದು ಅಪ್ಪ. ಅಪ್ಪ ಆ ರುಮಾಲನ್ನು ತಲೆಯಿಂದ ಬಿಚ್ಚಿ, ಮಡಿಸಿ, ಅವರ ಹೊಸ್ತಿಲ ಮೇಲಿಟ್ಟು, ಬಡಿಸಿದ ಎಲೆ ಬಿಟ್ಟು ಎದ್ದು ಬಂದರು. ಮಡಿಸಿಟ್ಟದ್ದನ್ನು ಇಬ್ಬರೂ ಒಪ್ಪುತ್ತಿದ್ದರು. ನಾನು ಇದನ್ನು ಕಂಡಿಲ್ಲ, ಕೇಳಿದ್ದೇನೆ.

ಅಂದಿನಿಂದ ಆ ಕಡೆಯ ಬಂಡಿ ನಮ್ಮ ಮನೆಯ ಮುಂದೆ ನಿಂತಿರಲಿಲ್ಲ. ನಾಗರ ಪಂಚಮಿಗೆ ಅಣ್ಣತಮ್ಮಂದಿರು ಬಂದು ಓಣಿಯ ಹೆಣ್ಣುಮಕ್ಕಳನ್ನು ತವರಿಗೆ ಕರೆದುಕೊಂಡು ಹೋಗುತ್ತಿದ್ದರು. ಅವ್ವ ಆ ನಾಲ್ಕು ದಿನ ನೀರಿಗೆ ಹೋಗುವಾಗ ಓಣಿ ಬಿಟ್ಟು ಹಿತ್ತಲ ದಾರಿ ಹಿಡಿಯುತ್ತಿದ್ದಳು. ಜವಳಕ್ಕೆ ಮಾವನನ್ನು ಕರೆಯಬೇಕಾದವರು ಅಪ್ಪ. ಎಲೆ ಅಡಿಕೆ ಹಿಡಿದು ಮನೆಗೆ ಹೋಗಿ ಕರೆಯುವುದು ಪದ್ಧತಿ. ಅವ್ವ ಸಂತೆಗೆ ಬಂದವರ ಕೈಯಲ್ಲಿ ಹೇಳಿ ಕಳಿಸುತ್ತಿದ್ದಳು. ಅಪ್ಪನನ್ನು ಮಾಮಾ ಎನ್ನುತ್ತಿದ್ದ ಸಂಗಪ್ಪನ ಉತ್ತರ ಪ್ರತಿ ಸಲವೂ ಒಂದೇ.

"ಮಾಮಾರು ಬಂದು ಕರೀಲಿ. ಕರದ್ರ ಬರೂದಿಲ್ಲಂತ ನಾ ಎಲ್ಲಿ ಅಂದೀನಿ?"

ಅಪ್ಪನ ಉತ್ತರವೂ ಬದಲಾಗುತ್ತಿರಲಿಲ್ಲ.

"ಮಾವ ಆದವ ತಾನ ಬರಬೇಕು. ಅವನ ಮನಿ ಹೊಸ್ತಿಲಾ ನಾ ಮತ್ತ ತುಳಿಯಂಗಿಲ್ಲ."

ಹೀಗೆ ಮೂರು ಕಳೆಯಿತು, ಐದು ಕಳೆಯಿತು. ಕೂದಲು ನಡುವಿನವರೆಗೆ ಇಳಿಯಿತು. ಉಳಿದ ಎಲ್ಲ ಸಂಬಂಧವನ್ನು ಇಬ್ಬರೂ ಗಂಡಸರು ಕಡಿದುಕೊಂಡಿದ್ದರು, ಇದೊಂದನ್ನು ಬಿಟ್ಟು. ಇದರಲ್ಲಿ ಮಾವನ ಬದಲಿಗೆ ಬೇರೆಯವರು ಕೂರುವಂತಿರಲಿಲ್ಲ. ಕೂದಲು ಇರುವತನಕ ತಮ್ಮ ಒಂದಲ್ಲ ಒಂದು ದಿನ ಬರಲೇಬೇಕು ಎಂಬುದು ಅವ್ವನ ಲೆಕ್ಕ. ಆ ಲೆಕ್ಕವನ್ನು ಹೊತ್ತು ತಿರುಗುತ್ತಿದ್ದವನು ನಾನು.

ನಮ್ಮ ಕಡೆ ಆಗ ನಿಜಾಮರ ಆಡಳಿತ. ಶಾಲೆಯಲ್ಲಿ ಪಾಠ ಉರ್ದುವಿನಲ್ಲಿ, ಬೈಗುಳ ಕನ್ನಡದಲ್ಲಿ. ಸೇರಿಸಿದ ದಿನವೇ ಮಾಸ್ತರರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಲಡ್ಕಾ ಏನ್ರಿ ಲಡ್ಕಿ?" ಎಂದು ಅಪ್ಪನನ್ನು ಕೇಳಿದರು. ಕೆಟ್ಟವರೇನಲ್ಲ, ಹುಡುಗನೋ ಹುಡುಗಿಯೋ ಎಂದು ನಿಜವಾಗಿಯೇ ಕೇಳಿದ್ದು. ಆದರೆ ಇಡೀ ಕೋಣೆ ನಕ್ಕಿತು. ಗುರುಪಾದ ಎಂಬ ನನ್ನ ಹೆಸರು ಅಂದೇ ಹೋಯಿತು.

"ಗುರವ್ವಾ, ನೀರಿಗೆ ಬರ್ತೀಯೇನ? ಕೊಡಾ ತಂದೀಯೇನ?"

"ಏ, ಸರೀರಲೇ, ಹೆಣ್ಣಮಕ್ಕಳಿಗೆ ಜಾಗಾ ಬಿಡ್ರಿ."

ಜವಳವಾಗದ ಹುಡುಗರು ಬೇರೆಯೂ ಇದ್ದರು. ಆದರೆ ಅವರು ಚಿಕ್ಕವರು, ಶಾಲೆಗೆ ಬರುವಷ್ಟು ದೊಡ್ಡವರಲ್ಲ. ಏಳನೆಯ ವರ್ಷ ಅರ್ಧ ಕಳೆದಿತ್ತು. ಒಂದು ಸಂಜೆ ಅಪ್ಪ ಊಟಕ್ಕೆ ಕುಳಿತರು. ಜೋಳದ ರೊಟ್ಟಿ, ಪುಂಡಿಪಲ್ಯ. ರೊಟ್ಟಿ ಮುರಿದರೆ ಅದರೊಳಗಿಂದ ಒಂದು ಉದ್ದನೆಯ ಕೂದಲು ಬಂತು. ಅಪ್ಪ ಅದನ್ನು ಎರಡು ಬೆರಳಲ್ಲಿ ಹಿಡಿದು ಕಂದೀಲಿನ ಬೆಳಕಿಗೆ ಎತ್ತಿದರು.

"ಇದು ಯಾರದು?"

ಮೂಲೆಯಲ್ಲಿದ್ದ ಆಯಿ ಮಾತಾಡಿದಳು.

"ಯಾರದರ ಇರವೊಲ್ಲದ್ಯಾಕ. ಮನ್ಯಾಗ ಎರಡ ಜಡೀ ತಲಿ ಅದಾವು, ಎರಡೂ ಒಂದ ಹಣಗ್ಯಾಗ ಬಾಚ್ತಾವು."

"ನಾಳಿಗೆ ಮಲ್ಲಪ್ಪನ್ನ ಕರಸಿ ತಗಿಸಿಬಿಡ್ತೀನಿ," ಎಂದರು ಅಪ್ಪ. "ಯಾವ ಮಾವನೂ ಬ್ಯಾಡ, ಯಾವ ಜವಳಾನೂ ಬ್ಯಾಡ."

ಈ ಮಾತು ಹೊಸದಲ್ಲ. ಹೇನು ಹೆಚ್ಚಾದಾಗ, ನಾನು ಅತ್ತು ಅಂಗಡಿಗೆ ಕೇಳಿಸಿದಾಗ, ಅಪ್ಪ ಇದನ್ನೇ ಹೇಳುತ್ತಿದ್ದರು. ಹೇಳಿ ಕೈ ತೊಳೆದು ಮಲಗುತ್ತಿದ್ದರು. ಅದು ಹಾಗೆ ಹೇಳುವ ಮಾತು ಎಂದು ನನಗೆ ಗೊತ್ತಿತ್ತು. ಮುಂದಿನದನ್ನು ಬರೆಯುವ ಮೊದಲು ಇದನ್ನು ಸ್ಪಷ್ಟವಾಗಿ ದಾಖಲಿಸಬೇಕು: ಅಪ್ಪ ಹಾಗೆ ಅಂದದ್ದು ನಿಜ, ಅದು ಅಪ್ಪಣೆಯಲ್ಲ ಎಂದು ನನಗೆ ಗೊತ್ತಿದ್ದದ್ದೂ ನಿಜ.

ಮರುದಿನ ಶಾಲೆಯಲ್ಲಿ ಹಿಂದೆ ಕುಳಿತವರು ನನ್ನ ಎರಡೂ ಜಡೆಗಳನ್ನು ಕಿಟಕಿಯ ಸರಳಿಗೆ ಕಟ್ಟಿದರು. ನನಗೆ ತಿಳಿಯಲಿಲ್ಲ. ಮಾಸ್ತರರು ಹೆಸರು ಕರೆದರು, ನಾನು ಎದ್ದೆ, ತಲೆ ಹಿಂದಕ್ಕೆ ಜಗ್ಗಿ ಹಾಗೇ ಕುಳಿತುಬಿಟ್ಟೆ. ಮಾಸ್ತರರೂ ನಕ್ಕರು. ಮಧ್ಯಾಹ್ನ ಬಿಟ್ಟಾಗ ನಾನು ಮನೆಗೆ ಹೋಗಲಿಲ್ಲ, ಚಾವಡಿಯ ಹತ್ತಿರದ ಬೇವಿನ ಮರಕ್ಕೆ ಹೋದೆ. ನಮ್ಮ ಓಣಿಯವರಿಗೆಲ್ಲ ಕ್ಷೌರ ಮಾಡುತ್ತಿದ್ದ ಮಲ್ಲಪ್ಪ ಅಲ್ಲಿ ಕೂರುತ್ತಿದ್ದ. ಒಂದು ಕತ್ತರಿ, ಒಂದು ಕತ್ತಿ, ಹಿತ್ತಾಳೆಯ ನೀರಿನ ಬಟ್ಟಲು, ಅಂಚು ಒಡೆದ ಕನ್ನಡಿ, ಇಷ್ಟು ಅವನ ಸಾಮಾನು. ಕಣ್ಣು ಮಂದವಾಗಿತ್ತು. ಅವನ ಕೈಯಿಂದ ಎದ್ದ ತಲೆಗಳಲ್ಲಿ ಒಂದು ಕಡೆ ಕೂದಲು ಉಳಿದಿರುತ್ತಿತ್ತು, ಇನ್ನೊಂದು ಕಡೆ ಚರ್ಮ ಕಾಣುತ್ತಿತ್ತು.

"ಏನ ಸಣ್ಣ ಸಾವ್ಕಾರ್ರ, ದಾರಿ ತಪ್ಪಿತೇನು?"

"ತಲಿ ತಗಿ. ಅಪ್ಪ ಹೇಳ್ಯಾನ."

"ಮಾವ ಬಂದಾನೇನು ನಿಮ್ಮ ಮನಿಗೆ?"

"ಮಾವ ಬ್ಯಾಡಂತ. ಜವಳಾನೂ ಬ್ಯಾಡಂತ. ನಿನ್ನೆ ಊಟಕ್ಕ ಕುಂತಾಗ ಹೇಳ್ಯಾನ. ಬೇಕಾರ ಆಯೀನ್ನ ಕೇಳು."

ಅಪ್ಪನ ಸಿಟ್ಟು ಊರಿಗೆಲ್ಲ ಗೊತ್ತಿತ್ತು, ಅದಕ್ಕೇ ಮಲ್ಲಪ್ಪ ನಂಬಿದ. ಬಾಯಲ್ಲಿ ಏನೋ ಗೊಣಗುತ್ತ ಎಡಗಡೆಯ ಜಡೆಯನ್ನು ಕೈಗೆ ತೆಗೆದುಕೊಂಡು, ಕಿವಿಯಿಂದ ನಾಲ್ಕು ಬೆರಳು ಕೆಳಗೆ ಕತ್ತರಿ ಇಟ್ಟ. ಮೊಂಡ ಕತ್ತರಿ, ಐದಾರು ಸಲ ಒತ್ತಬೇಕಾಯಿತು. ಜಡೆ ಅವನ ಕೈಗೆ ಬಂತು. ಕತ್ತರಿ ಕೆಳಗಿಟ್ಟ. ಬಲಗಡೆಯದಕ್ಕೆ ಕೈ ಹಾಕಲಿಲ್ಲ.

"ತಡಿ ತಮ್ಮಾ. ನಿಮ್ಮ ಅಪ್ಪನ್ನ ಒಂದ ಮಾತ ಕೇಳೂಣು."

ಕೇಳಬೇಕಾದುದನ್ನು ಮೊದಲೇ ಕೇಳಬೇಕಾಗಿತ್ತು. ಅವನು ನನ್ನ ಕೈ ಹಿಡಿದು ಅಂಗಡಿಯ ಮುಂದೆ ತಂದು ನಿಲ್ಲಿಸಿದ. ಅಪ್ಪ ಬೆಲ್ಲ ತೂಗುತ್ತಿದ್ದರು. ನನ್ನ ತಲೆ ನೋಡಿದರು, ಮಲ್ಲಪ್ಪನ ಕೈಯಲ್ಲಿದ್ದ ಜಡೆ ನೋಡಿದರು, ತಕ್ಕಡಿ ಕೆಳಗಿಟ್ಟರು. ಬೈಯಲಿಲ್ಲ. "ಒಳಗ ಹೋಗು" ಎಂದಷ್ಟೇ ಅಂದರು. ಮಲ್ಲಪ್ಪ ಜಡೆ ಹಿಡಿದೇ ನನ್ನ ಹಿಂದೆ ಬಂದ. ಒಳಗೆ ಅವ್ವ ಅಕ್ಕಿ ಆರಿಸುತ್ತಿದ್ದಳು. ಹೊಡೆಯುತ್ತಾಳೆಂದು ನಾನು ಕಾದೆ. ಅವಳು ಮೊರ ಸರಿಸಿ ಎದ್ದು ಬಂದು, ಕತ್ತರಿಸಿದ ಜಡೆಯನ್ನು ಮಲ್ಲಪ್ಪನ ಕೈಯಿಂದ ತೆಗೆದುಕೊಂಡು, ಸೆರಗಿನಲ್ಲಿ ಸುತ್ತಿದಳು.

"ಮಾವನ ಪಾಲಿಗೆ ಇದೊಂದ ಉಳದಿತ್ತಲ್ಲೋ," ಎಂದಳು.

ಇದಾದ ಎರಡು ದಿನಕ್ಕೆ ಬಳೆಗಾರ ಹುಸೇನಸಾಬ ಬಂದ. ಹಳ್ಳಿಯಿಂದ ಹಳ್ಳಿಗೆ ಬಳೆ ಹೊತ್ತು ತಿರುಗುವವನು; ಮಂಗಳೂರಿನಿಂದ ನೇರ ನಮ್ಮ ಪಡಸಾಲೆಗೆ ಬಂದಿದ್ದ. ನೀರು ಕುಡಿದು ಬಳೆಯ ಮಲಾರ ಬಿಚ್ಚುವ ಮೊದಲೇ ಸುದ್ದಿ ಹೇಳಿದ.

"ಅಕ್ಕಾರ, ನಿಮ್ಮ ತಮ್ಮ ಹುಣ್ಣಿಮಿಗೆ ಬರ್ತಾನಂತ. ಹುಡುಗನ ಜವಳ ಮುಗಿಸಿ, ಅದ ಬಂಡ್ಯಾಗ ನಿಮ್ಮನ್ನ ಕರಕೊಂಡು ಹೋಗ್ತಾನಂತ."

"ಯಾರ ಹೇಳಿದ್ರು?"

"ಅವನ ಹೇಳಿದ. ನಿಮ್ಮ ತಾಯಿಗೆ ಕಣ್ಣ ಪೂರಾ ಹೋಗ್ಯಾವ್ರಿ. ಮಗಳನ್ನ ಕೈ ಮುಟ್ಟಿ ನೋಡ್ತೀನಿ ಅಂತ ದಿನಾ ಹಟಾ ಮಾಡ್ತಾಳಂತ. ಅದಕ್ಕ ಅವಾ ಸೋತಾನ. ಮಾಮಾ ಕರೀಲಿಲ್ಲಂದ್ರೂ ಬರ್ತೀನಿ ಅಂದ."

ಐದು ವರ್ಷ ಕಾದ ಸುದ್ದಿ ಎರಡು ದಿನ ತಡವಾಗಿ ಬಂದಿತ್ತು. ಅವ್ವ ಅಂದು ಬಳೆ ಇಡಿಸಿಕೊಂಡಳು. ಹುಸೇನಸಾಬ ಹೋದ ಮೇಲೆ ನನ್ನನ್ನು ಹಿತ್ತಲ ಬಾಗಿಲಿಗೆ ಕರೆದಳು. ಪೆಟ್ಟಿಗೆಯಲ್ಲಿಟ್ಟಿದ್ದ ಜಡೆಯನ್ನು ತಂದು, ನನ್ನ ಎಡಗಿವಿಯ ಕೆಳಗೆ ಉಳಿದಿದ್ದ ನಾಲ್ಕು ಬೆರಳು ಕೂದಲಿಗೆ ಹೊಂದಿಸಿ, ಕಪ್ಪು ದಾರದಿಂದ ಸುತ್ತಿ ಸುತ್ತಿ ಬಿಗಿದಳು. ಮೇಲೆ ಎಣ್ಣೆ ಸವರಿದಳು. ಅಷ್ಟು ದೂರ ಹೋಗಿ ನೋಡಿದಳು, ಮತ್ತೆ ಬಿಚ್ಚಿದಳು, ಮತ್ತೆ ಕಟ್ಟಿದಳು. ಹುಣ್ಣಿಮೆಗೆ ಒಂಬತ್ತು ದಿನವಿತ್ತು. ದಿನವೂ ಇದೇ ಅಭ್ಯಾಸ ನಡೆಯಿತು. ಮಲ್ಲಪ್ಪನನ್ನು ಹಿತ್ತಲಿಗೆ ಕರೆಸಿ ಮಾತು ತೆಗೆದುಕೊಂಡಳು.

"ಮಲ್ಲಪ್ಪಾ, ಸಂಗಪ್ಪ ಬಲಗಡೇದ ಕೂದಲ ತಗೀತಾನ. ಎಡಗಡೇದ ನೀ ತಗಿ. ನಿನ್ನ ಬಾಯಾಗ ಮಾತ ಬರಬಾರದು."

"ನನ್ನ ತಪ್ಪ ಐತ್ರಿ ತಾಯಿ, ನಾ ಯಾಕ ಬಾಯಿ ಬಿಡ್ಲಿ."

ಅಪ್ಪನಿಗೂ ಹೇಳಿದಳು. ಅಪ್ಪ ಗೋಡೆ ನೋಡುತ್ತ, "ಏನಾರ ಮಾಡ್ಕೋ" ಎಂದರು. ಅವರ ಬಾಯಲ್ಲಿ ಅದು ಒಪ್ಪಿಗೆ. ಹುಣ್ಣಿಮೆಯ ಹಿಂದಿನ ದಿನ ತಾವೇ ಅಂಗಡಿಯಿಂದ ಒಳ್ಳೆಯ ಬೆಲ್ಲ ತಂದು ಅಡುಗೆಮನೆಯಲ್ಲಿಟ್ಟರು. ಅವ್ವ ಒಂದು ಗಂಟು ಕಟ್ಟಿದಳು: ತನ್ನ ಎರಡು ಸೀರೆ, ನನ್ನ ಒಂದು ಅಂಗಿ, ತಾಯಿಗೆಂದು ಮೆತ್ತನೆಯ ಹಳೆಯ ಇಳಕಲ್ ಸೀರೆ, ಹಲ್ಲಿಲ್ಲದ ಬಾಯಿಗೆ ಕರಗುವಂಥ ಹುರಿಹಿಟ್ಟು. ಗಂಟು ಪಡಸಾಲೆಯ ಕಂಬದ ಬುಡದಲ್ಲಿ ಕುಳಿತಿತ್ತು.

ಸಂಗಪ್ಪ ಮಾವನನ್ನು ನನಗೆ ನೆನಪಿರುವಂತೆ ನೋಡಿದ್ದು ಅಂದು ಒಮ್ಮೆ ಮಾತ್ರ. ತೆಳ್ಳಗಿನ ಮನುಷ್ಯ, ನಾಚಿಕೆ ಸ್ವಭಾವ. ಬಂಡಿಯಿಂದಿಳಿದು ಅಪ್ಪನ ಕಾಲಿಗೆ ಬಗ್ಗಿದ. ಅಪ್ಪ, "ಇರ್ಲಿ ಇರ್ಲಿ, ಒಳಗ ಬಾ" ಎಂದರು. ಐದು ವರ್ಷದ ಜಗಳಕ್ಕೆ ಅಷ್ಟು ಸಾಕಾಯಿತು ಎಂದು ಆ ಹೊತ್ತಿಗೆ ಎಲ್ಲರಿಗೂ ಅನಿಸಿರಬೇಕು. ಆಯಿ ಕೂಡ ನಗುತ್ತಿದ್ದಳು. ಕಂಬಳಿ ಹಾಸಿ ಮಾವನನ್ನು ಕೂರಿಸಿದರು, ನನ್ನನ್ನು ಅವನ ತೊಡೆಯ ಮೇಲೆ ಕೂರಿಸಿದರು. ಅವ್ವ ಬಲಗಡೆ ಆರತಿ ಹಿಡಿದು ನಿಂತಳು, ಅವನು ಬಲಕ್ಕೇ ತಿರುಗಲಿ ಎಂದು. ಅಲ್ಲಿ ಒಂದು ತಪ್ಪಾಯಿತು. ಮಾವ ಎಡಚ. ಊಟ ಮಾತ್ರ ಬಲಗೈಯಲ್ಲಿ, ಉಳಿದ ಕೆಲಸವೆಲ್ಲ ಎಡಗೈಯಲ್ಲಿ. ತಮ್ಮನ ಜೊತೆ ಬೆಳೆದ ಅವ್ವ ಐದು ವರ್ಷದಲ್ಲಿ ಅದನ್ನು ಮರೆತಿದ್ದಳು. ಅವನು ಕತ್ತರಿಯನ್ನು ಎಡಗೈಯಲ್ಲಿ ಹಿಡಿದು, ನನ್ನ ಎಡಗಡೆಯ ಜಡೆಗೆ ಬಲಗೈ ಹಾಕಿದ.

"ಆ ಕಡೇದಲ್ಲೋ ಸಂಗಪ್ಪಾ," ಎಂದಳು ಅವ್ವ. "ಬಲಗಡೇದ, ಬಲಗಡೇದ ಹಿಡಿ."

"ಯಾವ ಕಡೇದಾದ್ರೇನ ಅಕ್ಕಾ, ಎರಡೂ ನನ್ನ ಅಳಿಯಂದ."

ನಕ್ಕು ಹಾಗೆಂದು, ಕತ್ತರಿ ತರುವ ಮೊದಲು ಜಡೆಯನ್ನು ನೇರಮಾಡಲು ಸ್ವಲ್ಪ ಎಳೆದ. ಜಡೆ ಕಳಚಿ ಅವನ ಕೈಗೆ ಬಂತು. ದಾರದ ತುದಿ ನನ್ನ ಹೆಗಲ ಮೇಲೆ ಜೋತುಬಿತ್ತು. ಮೊದಲು ನನಗೆ ನೋವಾಯಿತೇನೋ ಎಂದು ಅವನು ಗಾಬರಿಯಾಗಿ ನನ್ನ ಮುಖ ನೋಡಿದ. ಆಮೇಲೆ ಕೈಯಲ್ಲಿದ್ದುದನ್ನು ನೋಡಿದ. ಕತ್ತರಿ ಆಡಿದ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ.

"ಇದನ್ನ ತಗದವರು ಯಾರು?"

ಅವನು ನನ್ನ ಗದ್ದ ಹಿಡಿದು ಮೆಲ್ಲಗೆ ಕೇಳಿದ.

"ಹೇಳಪ್ಪಾ, ತಗಿ ಅಂತ ಯಾರ ಹೇಳಿದ್ರು?"

"ಅಪ್ಪ," ಎಂದೆ.

ಅವ್ವ ಅಪ್ಪನ ಕಡೆ ನೋಡಿದಳು. ಇಲ್ಲ ಎನ್ನಲು, ಹುಡುಗನ ಹುಚ್ಚುತನ ಎನ್ನಲು, ಸಿಟ್ಟಿನಲ್ಲಿ ಬಂದ ಮಾತು ಎನ್ನಲು ಅಪ್ಪನಿಗೆ ಅವಕಾಶವಿತ್ತು. ಅವಕಾಶ ಸಾಕಷ್ಟು ಹೊತ್ತು ಇತ್ತು. ಜವಳಕ್ಕೆಂದು ಬಂದ ನೆರೆಯವರು ನೋಡುತ್ತಿದ್ದರು.

"ಹೌದು, ಹೇಳೀನಿ," ಎಂದರು ಅಪ್ಪ. "ನನ್ನ ಮಗಾ, ನನ್ನ ಮನಿ. ಐದ ವರ್ಷ ಹಾದೀ ನೋಡಿ ಸಾಕಾಗಿತ್ತು. ಹೇಳಿದ್ರ ಏನಾತು?"

ಮಾವ ನನ್ನನ್ನು ತೊಡೆಯಿಂದಿಳಿಸಿ ಎದ್ದ. ದನಿ ಏರಿಸಲಿಲ್ಲ. ಹೊಸ ಬಟ್ಟೆಯನ್ನೂ ಉಡದಾರವನ್ನೂ ಕಂಬಳಿಯ ಮೇಲೇ ಬಿಟ್ಟ.

"ಅಕ್ಕಾ, ನನ್ನ ಕೆಲಸ ನಿಮ್ಮ ಮನಿಯವರು ಮುಗಿಸ್ಯಾರ. ಕೂಸಿನ ತಲಿಗೆ ದಾರಾ ಕಟ್ಟಿ ನನ್ನ ಕೂಡಿಸಿದ್ರಿ. ನೀನೂ ಅವರ ಜೋಡಿ ಕೂಡೀದಿ."

"ಸಂಗಪ್ಪಾ, ಅವ್ವ ಹಾದಿ ನೋಡಾಕತ್ತಿರ್ತಾಳೋ. ನಾ ಬರ್ತೀನಿ, ತಡಿ."

ಅವಳು ಗಂಟು ಎತ್ತಿಕೊಂಡು ಬಾಗಿಲತನಕ ಹೋದಳು. ಅಪ್ಪ ಕುಳಿತಲ್ಲಿಂದ ಒಂದೇ ಮಾತು ಅಂದರು.

"ಹೋದ್ರ ಹಂಗ ಹೋಗು. ತಿರುಗಿ ಬರೂದು ಬ್ಯಾಡ."

ಬಂಡಿ ಸ್ವಲ್ಪ ಹೊತ್ತು ನಿಂತಿತ್ತು. ಅವ್ವ ಹೊಸ್ತಿಲ ಒಳಗೆ ಗಂಟು ಹಿಡಿದು ನಿಂತಿದ್ದಳು. ಆಮೇಲೆ ಬಂಡಿ ಹೋಯಿತು. ಅಪ್ಪ ತಂದ ಬೆಲ್ಲದಲ್ಲಿ ಮಾಡಿದ್ದ ಹೋಳಿಗೆಯನ್ನು ಯಾರೂ ತಿನ್ನಲಿಲ್ಲ, ದನಕ್ಕೆ ಹಾಕಿದರು.

ಉಳಿದ ಕೂದಲನ್ನು ಮಲ್ಲಪ್ಪ ಅಲ್ಲೇ ತೆಗೆದ. ಕಣ್ಣು ಕಾಣದೆ ಎರಡು ಕಡೆ ಗಾಯವಾಯಿತು, ಹಿಂದೆ ಒಂದು ಜುಟ್ಟಿನಷ್ಟು ಹಾಗೇ ಉಳಿಯಿತು. ಮರುದಿನ ಶಾಲೆಗೆ ಹೋದೆ. ಅಷ್ಟು ದಿನ ಬಯಸಿದ್ದ ತಲೆ ಅದು. ಯಾರೂ ನಗಲಿಲ್ಲ. ಅರ್ಧ ತರಗತಿಯ ತಲೆಗಳು ಮಲ್ಲಪ್ಪನ ಕೈಯವೇ, ಎಲ್ಲವೂ ಹಾಗೆಯೇ ಇದ್ದವು. ಮಾಸ್ತರರು ನನ್ನನ್ನು ಗುರುಪಾದ ಎಂದೇ ಕರೆದರು. ನನಗೆ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಮನೆಗೆ ಬಂದಾಗ ಅವ್ವ ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಪೆಟ್ಟಿಗೆಗೆ ಇಡುತ್ತಿದ್ದಳು. ಹುರಿಹಿಟ್ಟನ್ನು ನನಗೆ ಕೊಟ್ಟಳು. ನಾನು ತಿಂದೆ.

ಅಪ್ಪ ಅವ್ವನ ನಡುವೆ ಅದರ ಬಗ್ಗೆ ಮಾತು ನಡೆದದ್ದನ್ನು ನಾನು ಕೇಳಲಿಲ್ಲ. ಹುಡುಗನಿಗೆ ತಾವು ಹೇಳಿ ಕಳಿಸಿರಲಿಲ್ಲ ಎಂದು ಅಪ್ಪ ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವ್ವ ಕೇಳಿದ್ದರೆ ಹೇಳುತ್ತಿದ್ದೆನೇನೋ; ಅವಳು ಕೇಳಲಿಲ್ಲ. ಹುಸೇನಸಾಬ ನಮ್ಮ ಓಣಿಗೆ ಬರುವುದನ್ನು ಬಿಟ್ಟ, ಮಂಗಳೂರಿನ ಸುದ್ದಿಯೂ ನಿಂತಿತು.

ಮರುವರ್ಷ ಬೇಸಿಗೆಯ ಒಂದು ಸಂತೆಯ ದಿನ ನಾನು ಚೀಲ ಹಿಡಿದು ಅವ್ವನ ಹಿಂದಿದ್ದೆ. ಮೆಣಸಿನಕಾಯಿಯ ರಾಶಿಯ ಹತ್ತಿರ ಮಂಗಳೂರಿನ ಒಬ್ಬ ಹೆಂಗಸು ಅವ್ವನನ್ನು ಗುರುತಿಸಿ ಕೈ ಹಿಡಿದುಕೊಂಡಳು.

"ಏನವ್ವಾ ನೀಲವ್ವಾ, ಎಷ್ಟ ಸಿಟ್ಟಾದ್ರೂ ಮಣ್ಣಿಗೆ ಬರಬಾರದೇನ? ಮುದುಕಿ ಕಡೀತನಾ ನಿನ್ನ ಹೆಸರ ಹಿಡದ ಕರದ್ಲು."

"ಯಾರ ಮಣ್ಣಿಗೆ?" ಎಂದಳು ಅವ್ವ.

ಆ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವ್ವ ಅವಳನ್ನು ಇನ್ನೇನೂ ಕೇಳಲಿಲ್ಲ, ಯಾವಾಗ ಎಂಬುದೊಂದನ್ನು ಬಿಟ್ಟು. ಆಮೇಲೆ ಮೆಣಸಿನಕಾಯಿ ಕೊಂಡಳು. ಚೌಕಾಸಿ ಮಾಡಿಯೇ ಕೊಂಡಳು. ಮನೆಗೆ ಬಂದು ಒಲೆ ಹೊತ್ತಿಸಿ ರೊಟ್ಟಿ ಬಡಿದಳು. ಅಪ್ಪನಿಗೆ ಬಡಿಸಿ, ಎರಡನೆಯ ರೊಟ್ಟಿ ಹಾಕಿ, ಪಲ್ಯ ಹಾಕಿ, ಗೋಡೆಗೆ ಒರಗಿ ಕುಳಿತ ಮೇಲೆ ಹೇಳಿದಳು.

"ನಮ್ಮವ್ವ ಹೋದ್ಲಂತ."

ಅಪ್ಪನ ಕೈ ತಾಟಿನಲ್ಲೇ ನಿಂತಿತು.

"ಯಾವಾಗ?"

"ಇಪ್ಪತ್ತ ದಿನಾ ಆತಂತ."

ಅಪ್ಪ ತಾಟಿನಲ್ಲೇ ಕೈ ತೊಳೆದರು. ಏಳಲಿಲ್ಲ. ತಲೆ ಎತ್ತದೆ ಕೇಳಿದರು.

"ನಿಮ್ಮೂರಿಗೆ ಬಂಡಿ ಕಟ್ಟಲೇನು?"

"ಇನ್ನ ಯಾವ ಊರಿಗ್ರಿ?" ಎಂದಳು ಅವ್ವ.